ಹಾಡಿನ ಕೋಣೆಗೊಂದು ಫ್ಯಾನು

ವಾಡಿಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಹಾಡುವ ಕೋಣೆಯೊಂದಿದೆ. ಆ ಕೋಣೆಯಲ್ಲಿರುವ ಕಂಪ್ಯೂಟರನ್ನು ನಾವು ಎಂದೂ ಬಂದ್ ಮಾಡುವುದಿಲ್ಲ. ಆಕೆ ಹಾಡಿದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಚಿಂಚೋಳಿ, ಸೇಡಂ, ನಾಲವಾರದ ಭಜನಾ ಮಂಡಳಿಯ ಹೆಂಗಸರು ಹೊಲಮನೆಯ ಕೆಲಸ ಮುಗಿದ ಮೇಲೆ ತಮ್ಮ ತಮ್ಮ ಫೋನಿನಿಂದ ಅದರೊಳಗೆ ಹೊಕ್ಕು ಹಾಡು ಇಳಿಸಿಕೊಂಡು ಕಲಿಯುತ್ತಾರೆ. ಇಂಥದ್ದಕ್ಕೆ ಸರ್ವರ್ ಅನ್ನುತ್ತಾರೆ. ಹೆಸರು ದೊಡ್ಡದು, ಸಾಮಾನು ಸಣ್ಣದು. ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರನ್ನು ತಂದು, ಎರಡು ಹಾರ್ಡ್ ಡಿಸ್ಕ್ ಹಾಕಿ, ನಾನೇ ಕೂಡಿಸಿದ್ದು.

ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ವಚನ, ತತ್ವಪದ ಕಲಿಸಲು ಊರೂರಿಗೆ ಹೋಗುತ್ತಿದ್ದಳು. ನಿವೃತ್ತಿಯಾದ ಮೇಲೆ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ದನಿ ಮೊದಲಿನಂತೆ ಮೇಲಕ್ಕೆ ಏರಲಿಲ್ಲ. ಮಂಡಳಿಯಲ್ಲಿ ಕೂತು ಮೂವತ್ತು ಜನರಿಗೆ ಕೇಳುವಂತೆ ಹಾಡುವುದು ಆಗದು. ಮೈಕಿನ ಮುಂದೆ ಕೂತು ಮೆಲ್ಲಗೆ ಹಾಡಿದರೆ ಹಳೆಯ ಶ್ರುತಿಯೂ ಹೇಗೋ ನಿಲುಕುತ್ತದೆ. ಅದಕ್ಕಾಗಿ ಈ ವ್ಯವಸ್ಥೆ. ದಿನಾ ಬೆಳಗಿನ ಚಹಾ ಆದ ಮೇಲೆ ಒಂದು ಹಾಡು. ನಾನು ಯಂತ್ರದ ಮುಂದೆ, ಆಕೆ ಶ್ರುತಿಪೆಟ್ಟಿಗೆಯ ಮುಂದೆ. ಹಬ್ಬವಿರಲಿ, ಬೀಗರು ಬಂದಿರಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲ.

ಕಂಪ್ಯೂಟರನ್ನು ನಾನು ಮೊದಲು ನೆಲದ ಮೇಲೆ ಇಟ್ಟಿದ್ದೆ. ಶಹಾಬಾದ ಫರಸಿಯ ನೆಲ ನಮ್ಮ ಕಡೆಯ ಬಿಸಿಲಿಗೆ ದೇವರು ಕೊಟ್ಟ ವರ. ಬ್ಯಾಸಗಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಫರಸಿಯ ಮೇಲೆ ನೀರು ಹೊಯ್ದು, ಕಸಬರಿಗೆಯಿಂದ ಎಳೆದು, ಅರೆ ಆರಿದ ಮೇಲೆ ಅದರ ಮೇಲೇ ಮಲಗುವುದು ಇಲ್ಲಿಯ ಎಲ್ಲರ ರೂಢಿ. ನೀರು ಹೊಯ್ಯುವ ಕೆಲಸ ನನ್ನದು. ಮನುಷ್ಯನಿಗೆ ತಂಪಾದರೆ ಯಂತ್ರಕ್ಕೂ ತಂಪು ಎಂದು ಎಣಿಸಿದ್ದೆ. ಹೋದ ಏಪ್ರಿಲ್‌ನಲ್ಲಿ ಕಂಪ್ಯೂಟರ್ ತಾನೇ ತಾನಾಗಿ ಬಂದ್ ಬೀಳತೊಡಗಿತು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನು ತಿರುಗುತ್ತಿರಲಿಲ್ಲ. ಬಿಸಿ ಹೀರಿಕೊಳ್ಳುವ ಅಲ್ಯೂಮಿನಿಯಂ ಹಲ್ಲುಗಳ ಸಂದಿಯಲ್ಲಿ ಬೂದುಬಣ್ಣದ ಗಟ್ಟಿ ಹಕ್ಕಳೆ. ಉಗುರಿನಿಂದ ಕೆರೆದೆ, ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿದೆ, ಪುಟ್ಟ ಚೂರು ಮುರಿದು ಬಂತು. ಸಿಮೆಂಟು!

ವಾಡಿಯಲ್ಲಿ ಧೂಳಿಗೆ ಬಾಗಿಲು ಬೇಕಾಗಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಲಾರಿಗಳು ಓಡಾಡುವ ಊರು. ನೆಲದ ಮಟ್ಟದ ಧೂಳನ್ನು ಫ್ಯಾನು ಒಳಗೆಳೆದಿದೆ, ನಾನು ಹೊಯ್ದ ನೀರಿನ ಹಸಿಗಾಳಿಯನ್ನೂ ಎಳೆದಿದೆ. ಎರಡೂ ಕೂಡಿದರೆ ಏನಾಗುತ್ತದೆ ಎಂದು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

"ಚಲೋ ಆಯ್ತು," ಎಂದಳು ಹೆಂಡತಿ. "ಇಷ್ಟು ವರ್ಷ ಫ್ಯಾಕ್ಟರ್ಯಾಗ ಸಿಮೆಂಟ್ ಮಾಡಿದ್ದು ಸಾಲಲಿಲ್ಲಂತ ಈಗ ಮನ್ಯಾಗೂ ಮಾಡ್ಲಿಕತ್ತೀರಿ."

ಕಂಪ್ಯೂಟರನ್ನು ನೆಲದಿಂದ ಎತ್ತಿ ಗೋಡೆಯ ಗೂಡಿನಲ್ಲಿ ಇಟ್ಟೆ. ಗೂಡಿಗೆ ಅಡ್ಡಲಾಗಿ ಒಂದು ಫರಸಿ ಹಲಗೆ ಮೊದಲೇ ಇತ್ತು, ಅಳತೆ ಸರಿಹೋಯಿತು. ಧೂಳು, ನೀರು ಎರಡರ ಕಾಟವೂ ತಪ್ಪಿತು. ಆದರೆ ಮೂರು ಕಡೆ ಕಲ್ಲು ಸುತ್ತಿದ ಗೂಡಿನಲ್ಲಿ ಗಾಳಿಯಾಡುವುದಿಲ್ಲ. ಹಾಗಾಗಿ ಹಳೆಯ ಫ್ಯಾನಿನ ಜಾಗಕ್ಕೆ ಅದಕ್ಕಿಂತ ಬಲವಾದದ್ದು ಬೇಕಿತ್ತು.

ಫ್ಯಾನು ಆರಿಸುವ ವಿಷಯದಲ್ಲಿ ನಾನು ಯಾರನ್ನೂ ಕೇಳಲಿಲ್ಲ. ನಾನು ನೌಕರಿ ಮಾಡಿದ್ದೇ ಫ್ಯಾನುಗಳ ಜೊತೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಭಟ್ಟಿಯಿಂದ ಕೆಂಪಗೆ ಸುಟ್ಟ ಉಂಡೆಗಳು ರಾಶಿರಾಶಿಯಾಗಿ ಹೊರಬೀಳುತ್ತವೆ. ಕೆಳಗಿನಿಂದ ಗಾಳಿ ನುಗ್ಗಿಸಿ ಅವನ್ನು ತಣಿಸಬೇಕು. ಆ ಗಾಳಿ ನುಗ್ಗಿಸುವ ಫ್ಯಾನುಗಳು ಒಂದೊಂದೂ ಒಂದು ಕೋಣೆಯಷ್ಟು. ಮೂರು ಪಾಳಿಯಲ್ಲೂ ಅವುಗಳ ಮಗ್ಗುಲಲ್ಲಿ ನಿಂತವನು ನಾನು. ತೊಗರಿ ರಾಶಿ ತೂರುವಾಗ ಬಯಲು ಗಾಳಿ ಸಾಕು. ಆದರೆ ಒತ್ತಾಗಿ ಕೂತದ್ದರ ನಡುವೆ ಗಾಳಿ ಹಾಯಬೇಕಾದರೆ ಹಿಂದಿನಿಂದ ಜೋರಾಗಿ ದೂಡಬೇಕು. ಅಲ್ಯೂಮಿನಿಯಂ ಹಲ್ಲುಗಳೂ ಒತ್ತಾಗಿಯೇ ಇರುತ್ತವೆ. ಹಾಗಾಗಿ ದೂಡುವ ಶಕ್ತಿ ಯಾವುದಕ್ಕೆ ಹೆಚ್ಚೋ ಆ ಫ್ಯಾನನ್ನು ಆನ್‌ಲೈನಿನಲ್ಲಿ ತರಿಸಿದೆ. ಅಂಗೈಯಷ್ಟು ಅಗಲ, ದಪ್ಪ ಮೈ, ಬಲು ವೇಗ. ಯಂತ್ರ ಬಿಸಿಯಾದಷ್ಟೂ ಜೋರಾಗಿ ತಿರುಗುವಂತೆ ಜೋಡಿಸಿದೆ. ಹೊರಗೆ ಬೆಂಕಿ ಸುರಿಯುವ ಬಿಸಿಲಿದ್ದರೂ ಒಳಗಿನ ಉಷ್ಣತೆ ಏರಲಿಲ್ಲ. ನನ್ನ ಲೆಕ್ಕ ಸರಿ ಇತ್ತು. ಈಗಲೂ ಸರಿ ಎಂದೇ ಹೇಳುತ್ತೇನೆ.

ಮರುದಿನ ಚಹಾ ಆದ ಮೇಲೆ ಹಾಡು ಶುರುವಾಯಿತು. ಎರಡು ಸಾಲು ಆಗುವಷ್ಟರಲ್ಲಿ ಹೆಂಡತಿ ನಿಲ್ಲಿಸಿದಳು.

"ಏನ್ರಿ ಇದು, ಸೀಟಿ ಹೊಡೀಲಿಕತ್ತದಲ್ಲ?"

"ರೈಲ ಗಾಡಿ ಹೋಗಿರಬೇಕು."

"ಗಾಡಿ ಸೀಟಿ ನನಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ಕೇಳೀನಿ. ಇದು ಭಾಳ ಸಣ್ಣದದ. ಕಿವ್ಯಾಗ ಸೊಳ್ಳಿ ಕುಂತಂಗ."

ನಾನು ಗೂಡಿನ ಹತ್ತಿರ ಕಿವಿಯಿಟ್ಟೆ. ಗಾಳಿಯ ಮೆಲ್ಲಗಿನ ಹುಯ್ ಬಿಟ್ಟರೆ ಏನೂ ಇರಲಿಲ್ಲ. "ಇಲ್ಲೇ ನಿಂತೀನಿ. ಏನೂ ಇಲ್ಲ. ನೀ ಹಾಡು," ಎಂದೆ.

ಆಕೆ ಹಾಡಿದಳು. ಹಾಡು ಮುಗಿದು ನಾನು ರೆಕಾರ್ಡಿಂಗ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ, "ಈಗ ಹೋಯ್ತು ನೋಡ್ರಿ," ಎಂದಳು. ಮರುದಿನವೂ ಹಾಗೆಯೇ. ಹಾಡು ಶುರುವಾದೊಡನೆ ಸೀಟಿ ಬರುತ್ತದೆ, ಹಾಡು ನಿಂತರೆ ಹೋಗುತ್ತದೆ. ಆಕೆ ಮತ್ತೆ ಮತ್ತೆ ಕೇಳಿದಳು, ನಾನು ಮತ್ತೆ ಮತ್ತೆ ಇಲ್ಲ ಎಂದೆ. ಯಂತ್ರದ ವಿಷಯದಲ್ಲಿ ಆಕೆ ನನ್ನ ಮಾತನ್ನು ನಂಬುತ್ತಾಳೆ. ನಂಬಬಾರದೆಂದು ನಾನೂ ಎಂದೂ ಹೇಳಿರಲಿಲ್ಲ.

ವಾರವೊಂದಾಗಿರಬೇಕು, ಚಿಂಚೋಳಿಯ ಮಂಡಳಿಯ ಹಿರಿಯ ಹೆಂಗಸೊಬ್ಬರು ಫೋನಿನಲ್ಲಿ ದನಿ ಕಳಿಸಿದರು. ಅದನ್ನು ಹೆಂಡತಿ ನನ್ನ ಮುಂದೆಯೇ ಕೇಳಿಸಿಕೊಂಡಳು.

"ಅಕ್ಕೋರೆ, ಹಾಡು ಭಾಳ ಚಂದ ಬಂದದರಿ. ಆದ್ರ ನಡುನಡುವ ಏನೋ ಸೀಟಿ ಊದಿದಂಗ ಕೇಳಸ್ತದ. ನಿಮ್ಮ ಗಂಟಲ ಇನ್ನಾ ಆರಾಮ ಆಗಿಲ್ಲೇನ್ರಿ? ಅರಿಶಿಣ ಹಾಲು ಕುಡೀರಿ, ತ್ರಾಸ ಮಾಡ್ಕೋಬ್ಯಾಡ್ರಿ."

ಹೆಂಡತಿ ಫೋನನ್ನು ಮಗುಚಿ ಇಟ್ಟಳು. ಕತ್ತಿನ ಮೇಲಿನ ಆಪರೇಷನ್ನಿನ ಗೆರೆಯನ್ನು ಬೆರಳಿನಿಂದ ಸವರಿಕೊಂಡಳು.

"ಫ್ಯಾನಿಂದಲ್ಲಂತೀರಿ ನೀವು. ಹಂಗಾದ್ರ ಇದು ಇಲ್ಲಿಂದೇ ಬರ್ಲಿಕತ್ತದ. ಹಾಡಿದಾಗಷ್ಟೇ ಬರ್ತದ, ನಿಲ್ಲಿಸಿದ್ರ ಹೋಗ್ತದ. ಇನ್ನೇನು ಬೇಕು?"

"ಹಂಗೇನಿಲ್ಲ, ಡಾಕ್ಟರ್ ಎಲ್ಲಾ ಆರಾಮ ಅದ ಅಂದಾರ."

"ಡಾಕ್ಟರ್ ಹಾಡು ಕೇಳ್ಯಾರೇನು?" ಎಂದವಳು ಶ್ರುತಿಪೆಟ್ಟಿಗೆಗೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಳು. "ಇದ್ದ ಹಾಡು ಸಾಕು. ಸೀಟಿ ಇಲ್ಲದಾಗ ಹಾಡಿದ್ದು ಒಂದಿಷ್ಟು ಅದಾವಲ್ಲ, ಅವನ್ನೇ ಕಲೀಲಿ."

ಆ ಮೇಲೆ ಬೆಳಗಿನ ಚಹಾ ಆದ ಮೇಲೆ ಮನೆಯಲ್ಲಿ ಏನೂ ನಡೆಯಲಿಲ್ಲ. ಆಕೆ ಬೇಳೆ ಆರಿಸುತ್ತ ಕೂರುತ್ತಿದ್ದಳು. ಅಂಗಡಿಯಿಂದ ಆರಿಸಿಯೇ ತಂದ ಬೇಳೆಯನ್ನು. ಹಾಡು ನಿಂತದ್ದಕ್ಕಿಂತ ಗುನುಗುವುದು ನಿಂತದ್ದು ನನಗೆ ಹೆಚ್ಚು ತಟ್ಟಿತು. ರೊಟ್ಟಿ ಬಡಿಯುವಾಗ ಗುನುಗದ ಹೆಂಡತಿಯನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ.

ಸಮಾಧಾನದ ಮಾತು ನನಗೆ ಬಾರದು. ಕೆಲಸ ಬರುತ್ತದೆ. ಫ್ಯಾಕ್ಟರಿಯಲ್ಲಿ ಒಂದು ಯಂತ್ರ ತಕರಾರು ಮಾಡಿದರೆ ಊಹೆ ಮಾಡಬಾರದು, ಮೀಟರು ನೋಡಬೇಕು ಎಂದು ನನ್ನ ಕೈಕೆಳಗಿನವರಿಗೆ ಹೇಳುತ್ತಿದ್ದೆ. ದನಿಯನ್ನು ಚಿತ್ರ ಮಾಡಿ ತೋರಿಸುವ ಪ್ರೋಗ್ರಾಮ್ ನನ್ನ ಬಳಿ ಇತ್ತು. ಅದರಲ್ಲಿ ತಗ್ಗಿನ ಸ್ವರ ಕೆಳಗೆ, ಎತ್ತರದ ಸ್ವರ ಮೇಲೆ ಕಾಣುತ್ತದೆ. ಆ ವಾರದ ಹಾಡುಗಳನ್ನು ತೆರೆದೆ. ಕೆಳಗೆ ಆಕೆಯ ದನಿ, ಹೊಲದ ಸಾಲುಗಳ ಹಾಗೆ ಬಾಗಿ ಬಳುಕಿ ಹೋಗಿತ್ತು. ಅದಕ್ಕಿಂತ ಬಹಳ ಮೇಲೆ, ಬಿಗಿದು ಕಟ್ಟಿದ ತಂತಿಯಂತೆ ಒಂದು ಗೆರೆ.

ಮನುಷ್ಯನ ಉಸಿರು ಅಷ್ಟು ನೆಟ್ಟಗಿನ ಗೆರೆ ಎಳೆಯಲಾರದು. ಅದು ಯಂತ್ರದ ಗೆರೆ. ಅಷ್ಟು ಗೊತ್ತಾದರೂ ಇನ್ನೊಂದು ಪರೀಕ್ಷೆ ಮಾಡಿದೆ. ಹೆಂಡತಿ ಹಿತ್ತಲಲ್ಲಿದ್ದಾಗ ಕೋಣೆಯ ಬಾಗಿಲು ಹಾಕಿ, ಯಾರೂ ಹಾಡದೆ, ನಾನೂ ಉಸಿರು ಬಿಗಿಹಿಡಿದು, ಬರಿಯ ಕೋಣೆಯನ್ನು ರೆಕಾರ್ಡ್ ಮಾಡಿದೆ. ಗೆರೆ ಬಂತು. ಫ್ಯಾನಿನ ವೇಗದ ನಕ್ಷೆಯನ್ನು ಮಗ್ಗುಲಿಗಿಟ್ಟು ನೋಡಿದೆ. ರೆಕಾರ್ಡಿಂಗ್ ಶುರುವಾದೊಡನೆ ಯಂತ್ರವು ಎರಡೂ ಡಿಸ್ಕಿಗೆ ಬರೆಯುತ್ತದೆ, ಫೋನಿಗೆ ಬೇಕಾದ ಸಣ್ಣ ನಕಲನ್ನೂ ಅದೇ ಹೊತ್ತಿಗೆ ಮಾಡುತ್ತದೆ; ಅದರಿಂದ ಬಿಸಿಯಾಗುತ್ತದೆ, ಫ್ಯಾನು ಜೋರಾಗುತ್ತದೆ. ಹಾಡು ನಿಂತರೆ ಫ್ಯಾನೂ ತಗ್ಗುತ್ತದೆ. ಹಾಡಿದಾಗಷ್ಟೇ ಸೀಟಿ ಬರುತ್ತಿದ್ದದ್ದು ಇದಕ್ಕೆ.

ಹೋಗಿ ಹೇಳಿದೆ. ಆಕೆ ನಂಬಲಿಲ್ಲ.

"ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಅವತ್ತು ಕಿವಿಯಿಟ್ಟು ಕೇಳಿ ಇಲ್ಲ ಅಂದವ್ರು ನೀವೇ."

"ಅದು ನನ್ನ ಕಿವಿ. ಇದು ಮೀಟರು. ಒಳಗ ಬಾ."

ಮೈಕಿನ ಮುಂದೆ ಅಲ್ಲ, ಗೂಡಿನ ಹತ್ತಿರವೇ ಆಕೆಯನ್ನು ಕೂರಿಸಿದೆ. ರೆಕಾರ್ಡ್ ಒತ್ತಿದೆ. ಫ್ಯಾನು ಜೋರಾಯಿತು.

"ಗ್ವಾಡಿ ಕಡೆ ಮುಖ ಮಾಡು. ನನ್ನ ಕಡೆ ನೋಡಬಾರ್ದು. ಸೀಟಿ ಅದ ಏನು ಈಗ?"

"ಅದ."

ಪೆನ್ಸಿಲಿನ ಹಿಂಬದಿಯನ್ನು ಫ್ಯಾನಿನ ನಡುವಿನ ಗುಂಡು ಭಾಗಕ್ಕೆ ಮೆಲ್ಲಗೆ ಒತ್ತಿದೆ. ರೆಕ್ಕೆಗಳು ನಿಂತವು. ಗಾಳಿಯ ಹುಯ್ ನಿಂತದ್ದು ಬಿಟ್ಟರೆ ನನಗೆ ಬೇರೆ ವ್ಯತ್ಯಾಸವೇ ಕೇಳಿಸಲಿಲ್ಲ. ಆದರೆ ನಾನು ಕೇಳುವ ಮೊದಲೇ ಆಕೆಯ ಬೆನ್ನು ನೆಟ್ಟಗಾಯಿತು.

"ನಿಂತ್ತು," ಎಂದಳು.

ಪೆನ್ಸಿಲ್ ತೆಗೆದೆ.

"ಬಂತು."

ಮತ್ತೆ ಒತ್ತಿದೆ. "ನಿಂತ್ತು." ಬಿಟ್ಟೆ. "ಬಂತು ನೋಡ್ರಿ." ಪರೀಕ್ಷೆ ಅಂದ ಮೇಲೆ ಪೂರಾ ಆಗಬೇಕು. ಹಾಗಾಗಿ ಪೆನ್ಸಿಲ್ ಮುಟ್ಟಿಸದೆಯೇ, "ಈಗ ನಿಲ್ಲಿಸೀನಿ," ಎಂದೆ.

"ಸುಳ್ಳ. ಇನ್ನಾ ಹೊಡೀಲಿಕತ್ತದ."

ಆ ಮೇಲೆ ಆಕೆಯೇ ಪೆನ್ಸಿಲ್ ಕಸಿದುಕೊಂಡಳು. ತಾನೇ ಒತ್ತಿದಳು, ಬಿಟ್ಟಳು, ಒತ್ತಿದಳು, ಬಿಟ್ಟಳು. ಒಂದು ಸಲ ಒತ್ತಿ ಹಿಡಿದು ತಗ್ಗಿನ ದನಿಯಲ್ಲಿ "ಆ" ಎಂದು ಎಳೆದಳು. ಎಳೆದು, ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು. ಕಣ್ಣೊರೆಸಿಕೊಂಡಳು.

"ಸಾಕು ಬಿಡು, ಯಂತ್ರ ಬಿಸಿ ಆಗ್ತದ," ಎಂದೆ.

"ಆಗ್ಲಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗ ಒಂದಿಷ್ಟೂ ಕೇಳಸಂಗಿಲ್ಲೇನು?"

"ಇಲ್ಲ."

"ಯಾವಾಗಿಂದ?"

"ಕೇಳಸಲ್ಲಂತ ಗೊತ್ತಾಗಬೇಕಾದ್ರ ಮೊದ್ಲು ಕೇಳಸಬೇಕಲ್ಲ?"

ಆಕೆ ನಕ್ಕಳು. ವಾರಗಳಿಂದ ನಿಂತಿದ್ದ ನಗೆ. "ಬೇರಿಂಗ್ ಕೆಟ್ಟದ್ದು ಬರೇ ಕಿವೀಲೇ ಹಿಡೀತೀನಂತ ಊರಿಗೆಲ್ಲಾ ಹೇಳ್ತಿದ್ರಿ!"

ಹಿಡಿಯುತ್ತಿದ್ದೆ, ನಿಜ. ಕಿವಿಗೆ ಹಾಕಿಕೊಳ್ಳಲು ಫ್ಯಾಕ್ಟರಿಯವರು ಮುಚ್ಚಳ ಕೊಟ್ಟಿದ್ದರು. ಅದನ್ನು ಹಾಕಿಕೊಂಡರೆ ಫ್ಯಾನುಗಳ ಸಣ್ಣ ತಕರಾರು ಕೇಳಿಸುವುದಿಲ್ಲವೆಂದು ಕೊರಳಿಗೆ ಇಳಿಬಿಡುತ್ತಿದ್ದೆ. ಹಾಗೆ ಕೇಳಿಸಿಕೊಂಡು ಕೇಳಿಸಿಕೊಂಡೇ ಎತ್ತರದ ಸ್ವರಗಳೆಲ್ಲ ಖರ್ಚಾಗಿದ್ದವು. ನಮ್ಮ ಪಾಳಿಯವರು ಯಾರಾದರೂ ಮನೆಗೆ ಬಂದರೆ ಟಿ.ವಿ. ಜೋರು ಮಾಡಿ ಎನ್ನುವುದೇಕೆಂದು ಅಂದು ಅರ್ಥವಾಯಿತು.

ಯಂತ್ರವನ್ನು ಬೇರೆ ಕೋಣೆಗೆ ಸಾಗಿಸಬಹುದಿತ್ತು. ಆದರೆ ಪಡಸಾಲೆಯಲ್ಲಿ ಲಾರಿಗಳ ಸದ್ದು ಮೈಕಿಗೆ ಬೀಳುತ್ತದೆ, ಅಡಿಗೆಮನೆಯಲ್ಲಿ ಒಗ್ಗರಣೆಯ ಹೊಗೆ. ಹಾಡಿನ ಕೋಣೆಗೆ ಹಾಡಿಗೆ ತಕ್ಕ ಫ್ಯಾನು ಬರಬೇಕು, ಅದನ್ನು ಆಕೆಯೇ ಆರಿಸಬೇಕು. ಡಬ್ಬಿಯ ಮೇಲೆ ಬರೆದಿರುವ ಸದ್ದಿನ ಅಂಕಿಯನ್ನು ನಂಬಿ ಇನ್ನೊಂದನ್ನು ತರಿಸಲು ನಾನು ತಯಾರಿರಲಿಲ್ಲ. ಮರುದಿನವೇ ಇಬ್ಬರೂ ಸೇಡಂಗೆ ಹೋಗುವ ಪ್ಯಾಸೆಂಜರ್ ಗಾಡಿ ಹಿಡಿದೆವು. ಚಿತ್ತಾಪುರದಲ್ಲಿ ಹತ್ತಿದ ಪೇರಲ ಮಾರುವವಳಿಂದ ಹೆಂಡತಿ ಹಣ್ಣು ಕೊಂಡು, ಉಪ್ಪು ಖಾರ ಕಡಿಮೆಯಾಯಿತೆಂದು ಜಗಳವಾಡಿದಳು. ದನಿಯಲ್ಲಿ ಹುರುಪಿತ್ತು.

ಸೇಡಂ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯೊಂದಿದೆ. ಅಂಗಡಿಯವರು ನಡುವಯಸ್ಸಿನವರು, ಬಾಯಿ ತುಂಬ ಮಾತು. ಬಂದ ಕಾರಣ ಹೇಳಿದೆ.

"ಬರ್ರಿ, ಕುಂದ್ರಿ ಅಮ್ಮಾ. ಮಂದಿ ಗಾಳಿ ನೋಡಿ ಒಯ್ತಾರ, ಲೈಟ್ ನೋಡಿ ಒಯ್ತಾರ. ರಾಗ ನೋಡಿ ಫ್ಯಾನ್ ಒಯ್ಯೋರು ನೀವೇ ಮೊದಲ."

"ರಾಗ ಬ್ಯಾಡಪ್ಪ. ಅದು ಬಾಯಿ ಮುಚ್ಚಿದ್ರ ಸಾಕು," ಎಂದಳು ಹೆಂಡತಿ.

ಅವರು ಒಂದೊಂದೇ ಫ್ಯಾನನ್ನು ತಂತಿಗೆ ಸಿಕ್ಕಿಸಿ ತಿರುಗಿಸಿದರು. ಆದರೆ ಬಜಾರಿನ ಗದ್ದಲದಲ್ಲಿ ಏನು ಕೇಳಿಸೀತು? ಎದುರಿಗೆ ಹಿಟ್ಟಿನ ಗಿರಣಿ, ಮಗ್ಗುಲಿಗೆ ವೆಲ್ಡಿಂಗ್, ತಲೆಯ ಮೇಲೆ ಕಟಕಟ ಎನ್ನುವ ಸೀಲಿಂಗ್ ಫ್ಯಾನು. ಹೆಂಡತಿ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತಿತು, ವೆಲ್ಡಿಂಗ್ ನಿಂತಿತು, ತಲೆಯ ಮೇಲಿನದು ಎರಡು ಸುತ್ತು ತಿರುಗಿ ಸುಮ್ಮನಾಯಿತು. ಇಡೀ ಬಜಾರು ಮಾತು ಮರೆತಂತಾಯಿತು. ಬ್ಯಾಟರಿಯ ಮೇಲಿದ್ದ ಅಂಗಡಿಯವರ ಟೇಬಲ್ ಮಾತ್ರ ನಡೆದಿತ್ತು.

"ಈಗ ಹಚ್ಚರಿ," ಎಂದಳು ಹೆಂಡತಿ, ಕಣ್ಣು ಮುಚ್ಚಿ.

ನಾನು ತರಿಸಿದ್ದಂಥದ್ದೇ ಒಂದನ್ನು ಮೊದಲು ಹಚ್ಚಿದರು. ಆಕೆಯ ಮುಖ ನಿಂಬೆಹುಳಿ ಕಚ್ಚಿದಂತಾಯಿತು. "ಇದೇ, ಇದೇ. ತಗೀರಿ ಅತ್ಲಾಗ." ಎರಡನೆಯದು: "ಇದಕ್ಕ ಗೂರಲ ಅದ, ಉಸಿರ ಎಳೀಲಿಕತ್ತದ." ಮೂರನೆಯದಕ್ಕೆ ಬಣ್ಣದ ದೀಪಗಳಿದ್ದವು, ಅದನ್ನು ಹಚ್ಚುವ ಮೊದಲೇ ಬೇಡವೆಂದೆ. ಒಂದಕ್ಕೆ ಆಕೆ ಬಾಯಿಮುಚ್ಚಿ ಸಣ್ಣಗೆ ಶ್ರುತಿ ಹಿಡಿದು ನೋಡಿದಳು. "ನನ್ನ ಸ್ವರಕ್ಕ ಜಗಳಾ ತಗೀತದ ಇದು," ಎಂದಳು. ಕೊನೆಗೆ ಅಂಗಡಿಯವರು ಕಪಾಟಿನ ಕೆಳಗಿನಿಂದ ಊಟದ ಗಂಗಾಳದಷ್ಟು ಅಗಲದ ಕಂದುಬಣ್ಣದ ಒಂದನ್ನು ತೆಗೆದು, ಒರೆಸಿ, ಹಚ್ಚಿದರು. ಹೆಂಡತಿ ಕಾಯುತ್ತಲೇ ಇದ್ದಳು.

"ಹಚ್ಚರಿ," ಎಂದಳು.

"ಹಚ್ಚೀನಿ ಅಮ್ಮಾ. ತಿರಗಾಕತ್ತದ ನೋಡ್ರಿ."

ಕಣ್ಣು ತೆರೆದಳು. ದೊಡ್ಡ ರೆಕ್ಕೆಗಳು ನಿಧಾನವಾಗಿ, ಹೊಟ್ಟೆ ತುಂಬಿದ ಎತ್ತಿನಂತೆ ತಿರುಗುತ್ತಿದ್ದವು. ಅಂಗೈ ಒಡ್ಡಿ ನೋಡಿದೆ. ಗಾಳಿ ಜೋರಿರಲಿಲ್ಲ, ಆದರೆ ಅಗಲವಾಗಿ ಬರುತ್ತಿತ್ತು. ದೂಡುವ ಶಕ್ತಿ ಕಡಿಮೆಯೆಂದು ನನ್ನೊಳಗಿನ ಫ್ಯಾಕ್ಟರಿ ತಕರಾರು ತೆಗೆಯಿತು. ಅದಕ್ಕೆ ದಾರಿಯನ್ನೂ ಅಲ್ಲೇ ಕಂಡುಕೊಂಡೆ: ಹಲ್ಲುಗಳು ಬಿಡಿಬಿಡಿಯಾಗಿರುವ ದೊಡ್ಡ ಅಲ್ಯೂಮಿನಿಯಂ ಗೋಪುರವನ್ನೂ ಜೊತೆಗೆ ಕೊಂಡೆ. ಒತ್ತಾಗಿ ಇಲ್ಲದಿದ್ದರೆ ಜೋರಾಗಿ ದೂಡುವ ಅಗತ್ಯವೂ ಇಲ್ಲ.

ಮನೆಗೆ ಬಂದು ಕಂಪ್ಯೂಟರಿನ ಮಗ್ಗುಲ ತಗಡು ತೆಗೆದು ಎರಡನ್ನೂ ಕೂಡಿಸಿದೆ. ಧೂಳಿಗೆ ಅಡ್ಡಲಾಗಿ ಹಳೆಯ ಧೋತರದ ತೆಳು ತುಂಡೊಂದನ್ನು ಬಿಗಿದೆ. ಅದನ್ನು ಪ್ರತಿ ಸೋಮವಾರ ಬದಲಿಸುತ್ತೇನೆ. ಮೇ ತಿಂಗಳ ಮಧ್ಯಾಹ್ನಗಳಲ್ಲೂ ಯಂತ್ರ ಬಂದ್ ಬೀಳಲಿಲ್ಲ.

ಜೋಡಿಸಿದ ಮರುದಿನ ಚಹಾ ಆದ ಮೇಲೆ ನಾನು ಹೇಳದೆಯೇ ಹೆಂಡತಿ ಅಟ್ಟದ ಮೇಲಿನ ಶ್ರುತಿಪೆಟ್ಟಿಗೆ ಇಳಿಸಿಕೊಂಡಳು. ಈ ಸಲ ಶ್ರುತಿಯನ್ನು ಹಿಂದಿಗಿಂತ ತಗ್ಗಿಸಿಕೊಂಡು ಹೊಸ ತತ್ವಪದ ಹಾಡಿದಳು. ಮುಗಿದ ಮೇಲೆ ಇಬ್ಬರೂ ಪರದೆಯ ಮುಂದೆ ಕೂತೆವು. ಮೇಲಿನ ತಂತಿ ಮಾಯವಾಗಿತ್ತು. ಕೆಳಗೆ ಆಕೆಯ ದನಿಯ ಸಾಲುಗಳಷ್ಟೇ ಇದ್ದವು. ಆಕೆ ಹಾಡನ್ನು ಪೂರ್ತಿ ಕೇಳಿಸಿಕೊಂಡಳು. ಸೀಟಿ ಇರಲಿಲ್ಲ, ಆದರೆ ಕೆಲವು ಕಡೆ, ಸ್ವರ ಏರುವಲ್ಲಿ, ಒಂದು ಸಣ್ಣ ಒರಟು ಇತ್ತು. ಮೊದಲು ಸೀಟಿಯ ಗದ್ದಲದಲ್ಲಿ ಅದು ಆಕೆಗೆ ಕಂಡಿರಲಿಲ್ಲ. ಆ ಒರಟು ನನಗೂ ಕೇಳಿಸಿತು. ತೆಗೆಯಬಹುದಾದ ಪ್ರೋಗ್ರಾಮ್ ಇದೆ, ತೆಗೆಯಲೇ ಎಂದು ಕೇಳಿದೆ.

ಆ ಜಾಗವನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. "ಬ್ಯಾಡ. ಇದು ಯಾವ ಫ್ಯಾನಿಂದೂ ಅಲ್ಲ, ನಂದೇ ಅದ. ಇರ್ಲಿ. ಕಳಸ್ರಿ."

ಕಳಿಸಿದೆ. ಸಂಜೆ ಚಿಂಚೋಳಿಯಿಂದ ಅದೇ ಹಿರಿಯ ಹೆಂಗಸಿನ ದನಿ ಬಂತು.

"ಅಕ್ಕೋರೆ, ಸೀಟಿ ಹೋಗ್ಯದರಿ! ಅರಿಶಿಣ ಹಾಲು ಕುಡದ್ರೇನು? ಮತ್ತ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊದ್ಲ ನೀವು ಭಾಳ ಎತ್ತರಕ್ಕ ಹಾಡ್ತಿದ್ರಿ, ನಮಗ ನಿಲುಕ್ತಿದ್ದಿಲ್ಲ. ಬರೇ ಬಾಯಿ ಆಡಿಸ್ತಿದ್ದೆವು. ಈಗ ನಮ್ಮ ದನಿಗಿ ಸರಿ ಬಂದೀರಿ. ಇವತ್ತ ಎಲ್ಲರೂ ಕೂಡಿ ಹಾಡಿದೆವು."

ಹೆಂಡತಿ ಅದನ್ನು ಎರಡು ಸಲ ಕೇಳಿದಳು. ಎರಡನೆಯ ಸಲ ಮುಗಿಯುವಷ್ಟರಲ್ಲಿ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ಕೇಳಿದ್ರೇನು? ಇಷ್ಟು ವರ್ಷ ಬರೇ ಬಾಯಿ ಆಡಿಸ್ಯಾರಂತ! ಹಂಗಾದ್ರ ಹಳೇವೆಲ್ಲಾ ಮತ್ತ ಹಾಡಬೇಕು. ತಗ್ಗಿನ ಶ್ರುತೀಲೆ, ಮೊದಲಿಂದ."

"ಎಲ್ಲಾ?"

"ಎಲ್ಲಾ. ನಿಮ್ಮ ಡಿಸ್ಕಿನ್ಯಾಗ ಜಾಗಾ ಅದ ಇಲ್ಲ ನೋಡ್ಕೋರಿ," ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗುನುಗು ಕೇಳಿಸಿತು. ಅದು ತಗ್ಗಿನ ಸ್ವರ, ನನ್ನ ಕಿವಿಗೆ ಚೆನ್ನಾಗಿ ನಿಲುಕುವಂಥದ್ದು. ನಾನು ಡಿಸ್ಕಿನಲ್ಲಿ ಜಾಗ ನೋಡಿದೆ. ಧಾರಾಳವಾಗಿ ಇತ್ತು.